ಬೀಜದ ಮಗ್ಗುಲಿಗೆ

ಕೊಪ್ಪದ ಪಕ್ಕದ ಕೊಪ್ಪಲಿನಲ್ಲಿ ಆ ಕಾಲದಲ್ಲಿ ಪಟ್ಟಲಮ್ಮನನ್ನು ಕರೆಯದೆ ಯಾರೂ ಬೀಜ ಮುಟ್ಟುತ್ತಿರಲಿಲ್ಲ. ಅವಳದು ಒಳ್ಳೆಯ ಕೈಗುಣ ಎಂದು ಸುತ್ತ ನಾಲ್ಕೂರಲ್ಲಿ ಹೆಸರು. ಕೈಗುಣ ಎಂದರೇನೆಂದು ಕೇಳಿದರೆ ಯಾವ ಜಾಣನಿಗೂ ಬಿಡಿಸಿ ಹೇಳಲು ಬರುವುದಿಲ್ಲ. ಒಬ್ಬರು ಹಾಕಿದ ಬೀಜ ಏಳುತ್ತದೆ, ಇನ್ನೊಬ್ಬರು ಹಾಕಿದ್ದು ಮಣ್ಣಲ್ಲೇ ಉಳಿಯುತ್ತದೆ, ಅಷ್ಟೇ. ರಾಗಿಯೋ ಅವರೆಯೋ ಹುಚ್ಚೆಳ್ಳೋ, ಮೊದಲ ಹಿಡಿಯನ್ನು ಪಟ್ಟಲಮ್ಮನೇ ಬಿಡಬೇಕು. ಕೂಲಿಗೆ ಬಂದವಳಾದರೂ ಆ ದಿನ ಅವಳಿಗೆ ಎಲೆ ಅಡಿಕೆ ತಟ್ಟೆಯಲ್ಲಿ ಬರುತ್ತಿತ್ತು. ನಾಲೆಯ ಜೊತೆ ಬಂದ ಚಳಿಜ್ವರದಲ್ಲಿ ಗಂಡ ಹುಚ್ಚೀರಯ್ಯ ತೀರಿಕೊಂಡ ಮೇಲೂ ಕರೆ ನಿಲ್ಲಲಿಲ್ಲ. ಗಂಡ ಸತ್ತವಳು ಬೀಜ ಬಿಡಬಾರದೆಂದು ಬೇರೆ ಊರಲ್ಲಾಗಿದ್ದರೆ ಹಟ ಹಿಡಿಯುತ್ತಿದ್ದ ಹಿರಿಯರು ಇಲ್ಲಿ ಕಂಡೂ ಕಾಣದಂತೆ ಇದ್ದುಬಿಟ್ಟರು. ಬೆಳೆಯ ಆಸೆ ಅಂಥದು.

ಅವಳಿಗೆ ಉಳಿದದ್ದು ಒಬ್ಬಳೇ ಮಗಳು, ಚಿಕ್ಕನಂಜಮ್ಮ. ಅವಳ ಬೆನ್ನಿಗೆ ಒಂದು ಗಂಡು ಕೂಸು ಹುಟ್ಟಿತ್ತು. ಎರಡು ತಿಂಗಳಿದ್ದಾಗ, ರಾತ್ರಿ ತಾಯಿಯ ಮಗ್ಗುಲಲ್ಲಿ ಮಲಗಿದ್ದು ಬೆಳಗ್ಗೆ ಕಣ್ಣು ತೆರೆಯಲಿಲ್ಲ. ಮೈಮೇಲೆ ಒಂದು ಗೀರೂ ಇರಲಿಲ್ಲ. ಬಾಲಗ್ರಹ ಹೊಡೆದಿದೆ ಎಂದರು ಹಿರಿಯರು. ಊರಿನ ಗೌಡ ಚೌಡಯ್ಯನ ಹೊಲದ ಬದುವಿನಲ್ಲಿ ಹೊಂಗೆ ಮರವೊಂದಿದೆ, ಅದರ ಬುಡದಲ್ಲಿ ಹೂತು ಬಂದರು. ಚಿಕ್ಕನಂಜಮ್ಮನಿಗೆ ಆಗ ಆರೇಳು ವರ್ಷ. ಬಾಲಗ್ರಹ ಎಂಬ ಆ ಮಾತನ್ನು ಪಟ್ಟಲಮ್ಮ ಬಿಗಿಯಾಗಿ ಹಿಡಿದುಕೊಂಡಳು. ಯಾರಾದರೂ ಕೇಳಿದರೆ ತಾನೇ ಮೊದಲು ಆ ಮಾತು ಹೇಳಿಬಿಡುತ್ತಿದ್ದಳು.

ಇದೆಲ್ಲ ನಡೆದು ಹನ್ನೆರಡು ವರ್ಷವಾಗಿತ್ತು. ಸಾವಿರದ ಒಂಬೈನೂರ ನಲವತ್ತನಾಲ್ಕರ ಮುಂಗಾರು. ಯುದ್ಧದ ಕಾಲ. ಬೆಳೆದ ಭತ್ತದಲ್ಲಿ ಒಂದು ಪಾಲನ್ನು ಸರ್ಕಾರಕ್ಕೆ ಅಳೆಯಬೇಕು, ಉಳಿದದ್ದರಲ್ಲಿ ಮನೆ ನಡೆಯದು. ನಾಲೆ ನೀರು ಹರಿಯುವ ಕಡೆ ಮುಸುಕಿನ ಜೋಳ ಹಾಕಿ ಎಂದು ಮಂಡ್ಯದ ಕಡೆಯಿಂದ ಹೇಳಿಕೆ ಬಂತು. ಅಲ್ಲಿಯವರೆಗೆ ಆ ಊರಿಗೆ ಮುಸುಕಿನ ಜೋಳವೆಂದರೆ ಹಿತ್ತಲಲ್ಲಿ ಮಕ್ಕಳಿಗೆ ಸುಟ್ಟುಕೊಡಲು ಹಾಕುವ ನಾಲ್ಕು ಗಿಡ. ಒಂದೆಕರೆ ಪೂರ್ತಿ ಹಾಕಲು ಒಪ್ಪಿದವನು ಚೌಡಯ್ಯನೊಬ್ಬನೇ. ಹೊಸದೆಂದರೆ ಅವನಿಗೆ ಆಸೆ, ಅಷ್ಟೇ ಅನುಮಾನ.

ಗೊಬ್ಬರ ತಂದವನು ಮದ್ದೂರಿನ ಶಫೀವುಲ್ಲಾ. ನಾಲ್ಕು ವರ್ಷ ಮಂಡ್ಯದ ಸರ್ಕಾರಿ ಬೇಸಾಯದ ಫಾರಮ್ಮಿನಲ್ಲಿ ಕೂಲಿ ಮಾಡಿ, ಈಗ ಸ್ವಂತ ಗಾಡಿಯಲ್ಲಿ ಮೂಟೆ ಹೊಡೆಯುತ್ತಿದ್ದ. ಊರವರು ಅವನನ್ನು ಎದುರಿಗೆ ಸಾಬ್ರು, ಹಿಂದೆ ಸಾಬಿ ಎನ್ನುತ್ತಿದ್ದರು. ಮೂಟೆ ಬಿಚ್ಚಿದರೆ ಒಳಗೆ ಸಗಣಿಯೂ ಇಲ್ಲ, ಹಿಂಡಿಯೂ ಇಲ್ಲ, ಬರೀ ಬಿಳಿ ಹರಳು. ಸೀಮೆಗೊಬ್ಬರ ಎಂದ ಸಾಬಿ. ಚೌಡಯ್ಯ ಒಂದು ಹರಳನ್ನು ನಾಲಿಗೆಗೆ ಇಟ್ಟುಕೊಂಡು ಮುಖ ಸಿಂಡರಿಸಿ ಉಗಿದ.

"ಉಪ್ಪು ಕಣಯ್ಯ ಇದು. ಉಪ್ಪಾಕಿದ್ರೆ ಯಾವ ಬೆಳೆ ಬಂದದು?"

"ಬತ್ತದೆ ಗೌಡ್ರೆ, ನಾನೇ ಕಂಡಿವ್ನಿ. ಎರಚ್ಬೇಡಿ, ಕಳೆ ತಿಂದಾಕ್ತದೆ. ಬೀಜದ ಮಗ್ಗುಲಿಗೆ ಆಕಿ," ಎಂದು ಹೇಳಿ ಸಾಬಿ ಗಾಡಿ ಹೊಡೆದುಕೊಂಡು ಮುಂದಿನ ಊರಿಗೆ ಹೋದ. ಕೆಟ್ಟದ್ದು ಅಲ್ಲೇ, ಆ ಒಂದು ಮಾತಿನಲ್ಲೇ. ಆದರೆ ಅದು ಆಗ ಯಾರಿಗೂ ಹೊಳೆಯಲಿಲ್ಲ.

ಚೌಡಯ್ಯನಿಗೆ ಎರಡು ದೋಣಿಯಲ್ಲೂ ಕಾಲಿಡುವ ಬುದ್ಧಿ. ಅರ್ಧ ಹೊಲಕ್ಕೆ ತನ್ನ ಆಳುಗಳಿಂದ ಗೊಬ್ಬರ ಎರಚಿಸಿದ. ಉಳಿದ ಅರ್ಧವನ್ನು ಪಟ್ಟಲಮ್ಮನಿಗೆ ಬಿಟ್ಟ. "ಬೀಜದ ಮಗ್ಗುಲಿಗೆ ಆಕ್ಬೇಕಂತೆ ಕಣಮ್ಮಿ," ಎಂದ.

"ಮಗ್ಗುಲು ಅಂದ್ರೆ ನಂಗೊತ್ತಿಲ್ವಾ ಬುಡಿ," ಎಂದಳು ಅವಳು.

ಅವಳಿಗೆ ಗೊತ್ತಿತ್ತು, ಊರಿನ ಎಲ್ಲ ಹೆಂಗಸರಿಗೂ ಗೊತ್ತಿತ್ತು. ಕೂಸನ್ನು ಮಗ್ಗುಲಿಗೆ ಹಾಕಿಕೊಳ್ಳುವುದೆಂದರೆ ಮೈಗೆ ಮೈ ತಾಗಿಸಿ, ನಡುವೆ ಗಾಳಿಯೂ ಆಡದಂತೆ ಮಲಗಿಸಿಕೊಳ್ಳುವುದು. ಬಲ ಮಡಿಲಲ್ಲಿ ಬೀಜ, ಎಡ ಮಡಿಲಲ್ಲಿ ಬಿಳಿ ಹರಳು ತುಂಬಿಕೊಂಡು, ನೇಗಿಲ ಹಿಂದೆ ಗೇಣಿಗೊಂದು ಬೀಜ ಬಿಟ್ಟಳು. ಪ್ರತಿ ಬೀಜಕ್ಕೂ ಒಂದು ಚಿಟಿಕೆ ಹರಳನ್ನು ತಾಗಿಸಿ ಇಟ್ಟು, ಕಾಲಲ್ಲಿ ಮಣ್ಣು ಎಳೆದಳು. ಇಷ್ಟು ಅಚ್ಚುಕಟ್ಟಾಗಿ ಅವಳು ಹಿಂದೆಂದೂ ಬಿತ್ತಿರಲಿಲ್ಲ. ಹೊಂಗೆ ಮರದ ಕಡೆಯ ಮೂಲೆಗೆ ಬಂದಾಗ ಮಾತ್ರ ಮನಸ್ಸು ಎತ್ತಲೋ ಹೋಗಿ ಏನೋ ಹೆಚ್ಚುಕಮ್ಮಿ ಮಾಡಿದಳು. ಏನು ಮಾಡಿದೆನೆಂದು ಅವಳಿಗೇ ಗಮನವಿರಲಿಲ್ಲ.

ಆರನೆಯ ದಿನ ಎರಚಿದ ಕಡೆ ಜೋಳ ಎದ್ದಿತು. ಪಟ್ಟಲಮ್ಮನ ಸಾಲುಗಳಲ್ಲಿ ಒಂದು ಮೊಳಕೆಯೂ ಇಲ್ಲ. ಹತ್ತನೆಯ ದಿನವೂ ಇಲ್ಲ. ಕಾಗೆ ತಿಂದಿದ್ದರೆ ಮಣ್ಣು ಕೆದರಿರಬೇಕು, ಇಲಿಯಾದರೆ ಬಿಲ ಕಾಣಬೇಕು. ಎರಡೂ ಇಲ್ಲ. ಅರ್ಧ ಹೊಲ ಗುಡಿಸಿಟ್ಟ ಅಂಗಳದಂತೆ ಬೋಳಾಗಿ ಬಿದ್ದಿತ್ತು. ಒಂದೇ ಒಂದು ಕಡೆ ಎದ್ದಿತ್ತು, ಹೊಂಗೆ ಮರದ ಮಗ್ಗುಲಲ್ಲಿ. ಎರಡು ಸಾಲು, ಸಾಲಿಗೆ ನಾಲ್ಕರಂತೆ ಎಂಟೇ ಗಿಡ. ತಿಂಗಳಾಗುವ ಹೊತ್ತಿಗೆ ಆ ಎಂಟು ಗಿಡ ಸೊಂಟದುದ್ದ ಬೆಳೆದವು. ಎರಚಿದ ಕಡೆಯ ಪೈರು ಕಳೆಯ ನಡುವೆ ಮೊಣಕಾಲು ದಾಟದೆ ಹಳದಿ ತಿರುಗುತ್ತಿದ್ದರೆ, ಇಲ್ಲಿಯ ಹಸಿರು ಎಷ್ಟು ಗಾಢವೆಂದರೆ ದೂರಕ್ಕೆ ಕಪ್ಪಾಗಿ ಕಾಣುತ್ತಿತ್ತು. ಒಂದು ಮೊಳ ಅಗಲ, ಎರಡು ಮೊಳ ಉದ್ದ. ಆ ಅಳತೆಯನ್ನು ಮೊದಲು ಯಾರು ಬಾಯಿಬಿಟ್ಟು ಹೇಳಿದರೋ ಗೊತ್ತಿಲ್ಲ, ಹೇಳಿದ ಮೇಲೆ ಊರಿನ ಕಣ್ಣಿಗೆ ಬೇರೇನೂ ಕಾಣದಾಯಿತು. ಕೂಸಿನ ಗುಣಿಯ ಅಳತೆ ಅದು.

ಊರಿನ ಬಾಯಿಯ ವಿಷಯ ಏನು ಹೇಳಲಿ. ಮೊನ್ನೆ ಮೊನ್ನೆಯವರೆಗೆ ತಟ್ಟೆಯಲ್ಲಿ ಎಲೆ ಅಡಿಕೆ ಕೊಟ್ಟ ಕೈಗಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಿಸುಗುಟ್ಟತೊಡಗಿದವು. ಪಕ್ಕದ ಮನೆಯ ಶಿವನಂಜಮ್ಮ ಬಾವಿಯ ಹತ್ತಿರ, ಪಟ್ಟಲಮ್ಮನಿಗೆ ಕೇಳಿಸುವ ಹಾಗೇ ಅಂದಳು:

"ಅವಳ ಮಗ್ಗುಲಿಗೆ ಓಗಿದ್ದು ಉಳಿಯಕಿಲ್ಲ ಕಣ್ರವ್ವ. ಅವತ್ತು ಕೂಸು ಉಳೀಲಿಲ್ಲ, ಇವತ್ತು ಬೀಜ ಉಳೀಲಿಲ್ಲ. ಇಡೀ ಒಲದ ಸತ್ವಾನ ಆ ಕೂಸೇ ಉಂಡು ಬೆಳೀತಾ ಅದೆ."

ಪಟ್ಟಲಮ್ಮ ಕೊಡ ತುಂಬಿಕೊಂಡು ಮನೆಗೆ ಬಂದಳು. ಆ ವಾರ ಅವರೆ ಬಿತ್ತುವವರು ಅವಳನ್ನು ಕರೆಯಲಿಲ್ಲ. ಮುಂದಿನ ವಾರವೂ ಕರೆಯಲಿಲ್ಲ.

ಒಂದು ಮಟಮಟ ಮಧ್ಯಾಹ್ನ ಅವಳು ಹೊಲಕ್ಕೆ ಹೋದಳು. ಊರೆಲ್ಲ ಉಂಡು ಅಡ್ಡಾದ ಹೊತ್ತು. ಬೋಳು ಸಾಲಿನಲ್ಲಿ ಕೂತು ಬೆರಳಿನಿಂದ ಮಣ್ಣು ತೆಗೆದಳು. ಬೀಜಗಳು ಹಾಕಿದ ಕಡೆಯೇ ಇದ್ದವು. ಕೆಲವು ಕಪ್ಪಗೆ ಮೆತ್ತಗಾಗಿದ್ದವು. ಕೆಲವು ಒಂದು ಕಾಳಿನುದ್ದ ಬೇರು ಬಿಟ್ಟು, ಆ ಬೇರು ಸುಟ್ಟು ಕಂದಾಗಿ ಹಿಂದಕ್ಕೆ ಮುದುರಿಕೊಂಡಿತ್ತು, ಏನನ್ನೋ ಮುಟ್ಟಿ ಹೆದರಿ ಕೈ ಎಳೆದುಕೊಂಡವರ ಹಾಗೆ. ಬೆಂಕಿಯಿಲ್ಲದೆ ಮಣ್ಣೊಳಗೆ ಸುಡುವುದೆಂದರೇನು? ಅವಳು ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಅದೇ ಕೈ, ಅದೇ ಗೆರೆ.

ಆಗ ಸದ್ದು ಕೇಳಿಸಿತು. ಗಾಳಿ ಇರಲಿಲ್ಲ. ಹೊಂಗೆಯ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಆ ಎಂಟು ಗಿಡಗಳ ಒಳಗಿನಿಂದ ಚಿಟ್, ಚಿಟ್ ಎಂದು ಸಣ್ಣಗೆ ಸದ್ದು ಬರುತ್ತಿತ್ತು, ಮಗು ಬಾಯಿ ಚಪ್ಪರಿಸಿದಂತೆ. ಒಂದು ಎಲೆ ಸುರುಳಿಯಿಂದ ಬಿಚ್ಚಿಕೊಂಡು ಅವಳ ಕಣ್ಣೆದುರೇ ಸರಿಯಿತು. ಪಟ್ಟಲಮ್ಮನಿಗೆ ಓಡಬೇಕೆನಿಸಿತು, ಆದರೆ ಗಿಡಗಳ ಕಡೆಗೇ ಬಾಗಿದಳು.

"ಅಸ್ಕೊಂಡಿದ್ಯೇನಪ್ಪ," ಎಂದಳು. "ಎಲ್ಲಾನೂ ನೀನೇ ಉಣ್ಣು. ನಿನ್ನಕ್ಕನ ತಂಟೆಗ್ ಮಾತ್ರ ಬರಬ್ಯಾಡ."

ಸದ್ದು ನಿಲ್ಲಲಿಲ್ಲ. ಅವಳು ಹಿಂದೆ ತಿರುಗದೆ ಮನೆಗೆ ಬಂದಳು.

ಅಕ್ಕನ ಮಾತು ಅವಳ ಬಾಯಿಗೆ ಬರಲು ಕಾರಣವಿತ್ತು. ಮಳವಳ್ಳಿಯ ಕಡೆಗೆ ಕೊಟ್ಟಿದ್ದ ಚಿಕ್ಕನಂಜಮ್ಮನಿಗೆ ಚೊಚ್ಚಲ ಬಸಿರು, ಏಳು ತುಂಬುತ್ತಿತ್ತು. ಮೊದಲ ಹೆರಿಗೆ ತವರಲ್ಲೇ ಆಗಬೇಕು, ಅದಕ್ಕೆಂದು ಪಟ್ಟಲಮ್ಮ ಬೆಲ್ಲ, ಬೆಳ್ಳುಳ್ಳಿ, ಹಳೆ ಸೀರೆ ಎಲ್ಲ ಕೂಡಿಟ್ಟಿದ್ದಳು. ಆ ಊರಿಗೂ ಸುದ್ದಿ ಮುಟ್ಟಿತು, ಕೆಟ್ಟ ಸುದ್ದಿಗೆ ಗಾಡಿ ಬೇಕೆ? ಬೀಗಿತ್ತಿ ಪುಟ್ಟಮಾದಮ್ಮ ಹೇಳಿ ಕಳಿಸಿದಳು: ಸೊಸೆಯನ್ನು ಕಳಿಸುವುದಿಲ್ಲ, ಹುಟ್ಟುವ ಕೂಸನ್ನು ಆ ಕೈ ಮುಟ್ಟಕೂಡದು, ನೋಡಲೂ ಬರುವುದು ಬೇಡ. ಅಂದು ಪಟ್ಟಲಮ್ಮ ಒಲೆ ಹಚ್ಚಲಿಲ್ಲ. ಊರು ಕರೆಯದಿದ್ದರೆ ಕಳೆ ಕಿತ್ತು ಬದುಕಬಹುದು. ಮಗಳ ಕೂಸನ್ನು ಒಮ್ಮೆಯೂ ಎತ್ತಿಕೊಳ್ಳದೆ ಸಾಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಎರಡನೆಯ ಗೊಬ್ಬರದ ಮೂಟೆಗಳನ್ನು ಹೇರಿಕೊಂಡು ಶಫೀವುಲ್ಲಾ ಬಂದದ್ದು ಅದಾದ ಮೂರನೆಯ ದಿನ. ಚೌಡಯ್ಯ ಅವನ ಮೇಲೆ ಹರಿಹಾಯ್ದ. ಸಾಬಿ ನೇರ ಹೊಲಕ್ಕೆ ಇಳಿದು, ನಾಲ್ಕು ಬೀಜ ಕಿತ್ತು ನೋಡಿ, ಪಟ್ಟಲಮ್ಮನನ್ನು ಕರೆಸಿದ.

"ಎಂಗೆ ಆಕ್ದೆ ಅಮ್ಮ?"

"ನೀವ್ ಯೋಳ್ದಂಗೆ ಸಾಬ್ರೆ. ಮಗ್ಗುಲಿಗೆ. ತಾಗ್ಸಿ."

ಸಾಬಿ ಹಣೆ ಹಣೆ ಚಚ್ಚಿಕೊಂಡ. "ತಾಗ್ಸಿ ಅಂತ ಯಾರ್ ಯೋಳಿದ್ರು? ಮದ್ದೂರ್ನಾಗೆ ನಮ್ ಮನೆ ಮಗ್ಗುಲಿಗೆ ಸೌದೆ ಅಂಗಡಿ ಅದೆ. ನಡುವೆ ಗಾಡಿ ಓಗೋವಷ್ಟು ಓಣಿ ಅದೆ. ಅದೂ ಮಗ್ಗುಲೇ ಅಲ್ವಾ?"

ಪೇಟೆಯವರ ಮಗ್ಗುಲಿನಲ್ಲಿ ಓಣಿ ಇರುತ್ತದೆಂದು ಪಟ್ಟಲಮ್ಮನಿಗೆ ಯಾರೂ ಹೇಳಿರಲಿಲ್ಲ.

"ಇದು ಉಪ್ಪಿನ ಜಾತಿ ಕಣಮ್ಮ," ಎಂದು ಸಾಬಿ ಬಿಡಿಸಿ ಹೇಳಿದ. "ಬೀಜಕ್ಕೆ ತಾಗ್ಸಿದ್ರೆ ಅದರ ನೀರನ್ನೆಲ್ಲ ಇದೇ ಎಳ್ಕೊಂಡು ಬೇರು ಸುಟ್ಟಾಕ್ತದೆ. ಮೂರು ಬೆರಳು ದೂರ, ಮೂರು ಬೆರಳು ಆಳ ಬುಡ್ಬೇಕು. ಎರಚಿದ್ರೆ ಕಳೆ ಉಂಡು ಓಯ್ತದೆ. ದೂರ ಮಡಗಿದ್ರೆ ಬೇರು ತಾನೇ ಉಡುಕ್ಕೊಂಡು ಬತ್ತದೆ, ಬೇಕಾದಷ್ಟೇ ಉಣ್ತದೆ."

"ಅಂಗಾರೆ ಅದು?" ಎಂದು ಚೌಡಯ್ಯ ಹೊಂಗೆಯ ಕಡೆ ಕೈ ತೋರಿದ. ಹತ್ತಿರ ಹೋಗಲು ಅವನಿಗೆ ಧೈರ್ಯ ಸಾಲಲಿಲ್ಲ. ಸಾಬಿ ಗುದ್ದಲಿ ತೆಗೆದುಕೊಂಡು ಒಂದು ಗಿಡದ ಪಕ್ಕ ಮೆಲ್ಲಗೆ ಮಣ್ಣು ಬಿಡಿಸಿದ. ಗಿಡದಿಂದ ಮೂರು ಬೆರಳಾಚೆ, ಒಂದು ಗೆರೆಯುದ್ದಕ್ಕೂ ಬಿಳಿ ಬೇರುಗಳು ಜಡೆ ಹೆಣೆದಂತೆ ಒತ್ತೊತ್ತಾಗಿ ಕೂತಿದ್ದವು. ಅದನ್ನು ಕಂಡ ಕೂಡಲೇ ಪಟ್ಟಲಮ್ಮನಿಗೆ ಎಲ್ಲ ನೆನಪಾಯಿತು. ಅಲ್ಲಿ ಬೀಜ ಬಿಟ್ಟು ಮಣ್ಣು ಎಳೆದ ಮೇಲೆ ನೋಡಿದರೆ ಹರಳು ಕೈಯಲ್ಲೇ ಉಳಿದಿತ್ತು. ಆ ಮಣ್ಣನ್ನು ಮತ್ತೆ ಬಗೆಯಲು ಅವಳಿಗೆ ಮನಸ್ಸಾಗಲಿಲ್ಲ. ಪಕ್ಕದಲ್ಲಿ ಹಿಮ್ಮಡಿಯಿಂದ ಆಳವಾಗಿ ಒಂದು ಗೆರೆ ಎಳೆದು, ಹರಳು ಸುರಿದು ಮುಚ್ಚಿ ಬಂದಿದ್ದಳು. ಗುಣಿ ಇದ್ದದ್ದು ಇನ್ನೂ ಆಚೆ, ಮರದ ಬುಡದಲ್ಲಿ. ಅಲ್ಲಿಗೆ ಒಂದು ಬೇರೂ ಹೋಗಿರಲಿಲ್ಲ.

ಊರು ಒಂದೇ ಸಲಕ್ಕೆ ನಂಬುತ್ತದೆಯೇ? ಸಾಬಿ ಏನೋ ಮದ್ದು ಮಾಡಿದ ಎಂದವರೂ ಇದ್ದರು. ಪಟ್ಟಲಮ್ಮ ಅವರ ಜೊತೆ ವಾದಕ್ಕೆ ನಿಲ್ಲದೆ ಮಳವಳ್ಳಿಯ ಬೀಗಿತ್ತಿಗೆ ಹೇಳಿ ಕಳಿಸಿದಳು: ಆರು ಹೆತ್ತು ಆರನ್ನೂ ಉಳಿಸಿಕೊಂಡ ಕೈ ನಿನ್ನದು, ಬಂದು ನನ್ನ ಹಿತ್ತಲಲ್ಲಿ ಬಿತ್ತಿ ತೋರಿಸು ಎಂದು. ಆ ಮಾತಿಗೆ ಪುಟ್ಟಮಾದಮ್ಮ ಗಾಡಿ ಕಟ್ಟಿಸಿಕೊಂಡು ಬಂದೇ ಬಂದಳು. ಕೊಪ್ಪದಲ್ಲಿ ಅವಳ ತಂಗಿಯ ಮನೆಯಿತ್ತು, ಅಲ್ಲಿ ಇಳಿದುಕೊಂಡಳು. ಅರ್ಧ ಊರು ಹಿತ್ತಲ ಬೇಲಿಗೆ ಆತು ನಿಂತಿತು. ಒಂದು ಸಾಲಿನಲ್ಲಿ ಬೀಗಿತ್ತಿ ತನ್ನ ಕೈಯಾರೆ ಬೀಜಕ್ಕೆ ಹರಳು ತಾಗಿಸಿ ಇಟ್ಟಳು. ಇನ್ನೊಂದು ಸಾಲಿನಲ್ಲಿ ಪಟ್ಟಲಮ್ಮ ಮೂರು ಬೆರಳು ಅಳೆದು ಇಟ್ಟಳು. ಎಂಟನೆಯ ದಿನ ಪುಟ್ಟಮಾದಮ್ಮನ ಸಾಲು ಮಸಣವಾಗಿತ್ತು. ಪಟ್ಟಲಮ್ಮನ ಸಾಲಿನಲ್ಲಿ ಒಂದೂ ತಪ್ಪದೆ ಎದ್ದು ನಿಂತಿತ್ತು.

ಪುಟ್ಟಮಾದಮ್ಮ ತನ್ನ ಸಾಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಮಣ್ಣು ಕೆದಕಿ ನೋಡಿದಳು. ತಪ್ಪಾಯಿತು ಎನ್ನುವ ಹೆಂಗಸಲ್ಲ ಅವಳು. ಎದ್ದು ಸೆರಗು ಕೊಡವಿಕೊಂಡು, "ಮುಂದಿನ್ ಸೋಮ್ವಾರ ಕಳಿಸ್ಕೊಡ್ತೀನಿ ಬುಡು," ಎಂದಷ್ಟೇ ಹೇಳಿ ಗಾಡಿ ಹತ್ತಿದಳು.

ಅಲ್ಲಿಂದ ಊರು ಮತ್ತೆ ಮಗುಚಿ ಬಿದ್ದಿತು. ಶಿವನಂಜಮ್ಮನೇ ಮೊದಲು ಮಜ್ಜಿಗೆ ತಂದುಕೊಟ್ಟಳು. ಫಸಲು ಮುರಿದಾಗ ಆ ಎಂಟು ಗಿಡಗಳಿಗೆ ಎರಡೆರಡು ತೆನೆ, ಮುಸುಕು ಸುಲಿದರೆ ತುದಿಯವರೆಗೂ ಕಾಳು. ಎರಚಿದ ಕಡೆ ಗಿಡಕ್ಕೊಂದು ಗಿಡ್ಡ ತೆನೆ, ಅದರಲ್ಲೂ ಹಲ್ಲು ಬಿದ್ದ ಬಾಯಂತೆ ಸಂದು. ಮುಂದಿನ ವರ್ಷಕ್ಕೆ ಮೂರು ಬೆರಳಿನ ಬಿತ್ತನೆ ಮಾಡಿಸಲು ಏಳೆಂಟು ಮನೆಯವರು ಈಗಲೇ ಬಂದು ಹೇಳಿಹೋದರು.

ಪಟ್ಟಲಮ್ಮನ ಮುಖದಲ್ಲಿ ಮಾತ್ರ ಗೆಲುವು ಕಾಣಲಿಲ್ಲ. ಹೊಲದಿಂದ ಗ್ರಹವನ್ನು ಓಡಿಸಿದವಳು ಅವಳೇ. ಅದು ಹೋಗುವಾಗ ಹೊಂಗೆ ಮರದ ಬುಡದಿಂದಲೂ ಎದ್ದು ಹೋಗುತ್ತದೆಂದು ಅವಳು ಎಣಿಸಿರಲಿಲ್ಲ. ಬೀಜವನ್ನು ಸುಟ್ಟದ್ದು ಗ್ರಹವಲ್ಲ, ತಾಗಿಸಿ ಇಟ್ಟದ್ದು. ಹಾಗಾದರೆ ಕೂಸನ್ನು? ಆ ಬೆಳಗನ್ನು ಅವಳು ಹನ್ನೆರಡು ವರ್ಷ ನೆನೆಯದೆ ಕಳೆದಿದ್ದಳು. ಹಿಂದಿನ ದಿನ ಹೊತ್ತು ಮುಳುಗುವವರೆಗೆ ಭತ್ತದ ನಾಟಿ ಹಾಕಿ ಬಂದು ಕೊರಡಿನಂತೆ ಮಲಗಿದ್ದಳು. ಕಣ್ಣು ಬಿಟ್ಟಾಗ ಅವಳ ತೋಳು ಕೂಸಿನ ಮುಖದ ಮೇಲಿತ್ತು. ತೋಳನ್ನು ತೆಗೆದ ಮೇಲೆ ಅವಳು ಕೂಗಿಕೊಂಡಳು. ಕೂಗಿಗೆ ಬಂದವರಿಗೆ ಕಂಡದ್ದು ಗಾಯವಿಲ್ಲದ ಕೂಸು. ಈಗ ಹಗಲು ಹೊತ್ತಿನಲ್ಲೇ, ರಾಗಿ ಬೀಸುವಾಗ, ನೀರು ಸೇದುವಾಗ, ಆ ಬಲ ತೋಳು ತನ್ನದಲ್ಲವೆಂಬಂತೆ ಭಾರವಾಗುತ್ತಿತ್ತು.

ಚಿಕ್ಕನಂಜಮ್ಮ ಬಂದಳು, ಹೆತ್ತಳು. ಹೆಣ್ಣು ಕೂಸು. ಪಟ್ಟಲಮ್ಮ ನೀರು ಕಾಯಿಸಿದಳು, ಖಾರ ಅರೆದಳು, ಸಾಮ್ರಾಣಿ ಹಾಕಿದಳು. ಎಲ್ಲ ಮಾಡಿದಳು, ಕೂಸನ್ನು ಮಾತ್ರ ಮುಟ್ಟಲಿಲ್ಲ. ಕೈ ಸಗಣಿಯಾಗಿದೆ ಎಂದಳು, ಕೈ ಖಾರವಾಗಿದೆ ಎಂದಳು. ನೀರು ಹಾಕಲು ಸೂಲಗಿತ್ತಿಯೇ ಬರುತ್ತಿದ್ದಳು. ಐದನೆಯ ದಿನ ಮಗಳು ಕೇಳಿಯೇಬಿಟ್ಟಳು.

"ಯಾಕವ್ವ ಎತ್ಕಳಲ್ಲ? ಅತ್ತೆ ಇನ್ನೂ ಬ್ಯಾಡ ಅಂದವಳಾ?"

"ಇಲ್ಲ ಕಣವ್ವ." ಪಟ್ಟಲಮ್ಮ ಬಾಗಿಲ ಹತ್ತಿರ ಕೂತಳು. "ನಿನ್ ತಮ್ಮನ್ನ ಯಾವ ಗ್ರಹಾನೂ ಒಡೀಲಿಲ್ಲ. ನನ್ ತೋಳು ಅವನ ಮೊಕದ್ ಮ್ಯಾಗಿತ್ತು. ನಾನು ತಗ್ದು, ಆಮ್ಯಾಕೆ ಕೂಗ್ದೆ."

ಹೇಳಿ ಮುಗಿಸಿ ತಲೆ ಎತ್ತಲಿಲ್ಲ. ಮಗಳು ಅಳುತ್ತಾಳೆ, ಇಲ್ಲವೇ ಗಾಡಿ ಕರೆಸು ಎನ್ನುತ್ತಾಳೆ ಎಂದು ಕಾದಳು.

"ಗೊತ್ತು," ಎಂದಳು ಚಿಕ್ಕನಂಜಮ್ಮ. "ನಾನು ಆಗ್ಲೇ ಎದ್ದಿದ್ದೆ. ನಿನ್ ತೋಳು ನೋಡ್ದೆ. ನೀನ್ ತಗ್ದಿದ್ದೂ ನೋಡ್ದೆ."

ಪಟ್ಟಲಮ್ಮ ತಲೆ ಎತ್ತಿ ಮಗಳನ್ನು ನೋಡಿದಳು. "ಅಷ್ಟ್ ವರ್ಸದಿಂದಾನಾ? ಯಾರ್ಗೂ ಯೋಳ್ನಿಲ್ವಾ?"

"ಯಾರ್ಗೆ ಯೋಳ್ಲಿ? ಅವತ್ತು ನೀನು ನಾಟಿ ಆಕಿ ಬಂದು, ಉಣ್ಣಕ್ಕೂ ಆಗ್ದೆ, ಅಂಗೇ ಬಿದ್ಕೊಂಡಿದ್ದೆ. ಅದನ್ನೂ ನೋಡಿದ್ನಲ್ಲ."

"ಅದೆಲ್ಲ ಗೊತ್ತಿದ್ದೂ ಇಲ್ಲಿಗ್ ಬಂದ್ಯಾ, ಕೂಸು ಎರಾಕೆ?"

"ಇನ್ಯಾರ್ ತಾವ್ಕೆ ಓಗ್ಲಿ," ಎಂದಳು ಮಗಳು. ಕೂಸು ಕೊಸರಾಡತೊಡಗಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ತಾಯಿಯ ಕಡೆ ನೀಡಿದಳು. "ಇಡ್ಕೊ. ನನ್ ಸೊಂಟ ನೋಯ್ತಾ ಅದೆ, ಒಸಿ ಮಲಗ್ತೀನಿ."

ಪಟ್ಟಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಕೂಸನ್ನು ಎತ್ತಿಕೊಂಡಳು.